‘ಮಲೆನಾಡಲ್ಲಿ ಆರ್‌ಸಿಸಿ ಸೋರೋದೇ’ ಅನ್ನುವ ಮಾತು ಇನ್ನು ಸಾಕು

ಈಗಷ್ಟೇ ಹಿಂದಿನ ರಸ್ತೆಯ ಒಂದು ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್ ಸೂರಿನ) ಮನೆಯಿಂದ ಬಂದೆ. ತಲೆ ಬಿಸಿಯಾಗಿದೆ. ಊಟಕ್ಕೆ ಕೂರುವ ಮೊದಲು ಇದನ್ನು ಬರೆದುಬಿಡುತ್ತೇನೆ.

ಅಲ್ಲೊಂದು ಚಿಕ್ಕ ಸಂಸಾರ ಇದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಐದು ತಿಂಗಳ ಮಗು. ಈ ಅಕ್ಷಯ ತೃತೀಯಕ್ಕೆ ಗೃಹಪ್ರವೇಶ ಆಗಿತ್ತು, ನಾನೂ ಹೋಗಿ ಹೋಳಿಗೆ ಊಟ ಮಾಡಿ ಬಂದಿದ್ದೆ. ಇಪ್ಪತ್ತು ವರ್ಷದ ಸಾಲ. ಇವತ್ತು ಸಂಜೆ ಆ ಹುಡುಗಿ ಫೋನ್ ಮಾಡಿ, "ಅಕ್ಕಾ, ಒಂದ್ಸಲ ಬಂದು ನೋಡ್ತೀರಾ?" ಅಂದಳು. ಹೋದೆ. ಹಾಲ್‌ನ ಫ್ಯಾನ್ ಕೊಕ್ಕೆಯ ಸುತ್ತ ಹಪ್ಪಳದಷ್ಟು ಅಗಲಕ್ಕೆ ಸೂರು ಒದ್ದೆ. ನೀರು ಫ್ಯಾನಿನ ಕಂಬಿ ಹಿಡಿದು ಇಳಿದು, ರೆಕ್ಕೆಯ ತುದಿಗೆ ಬಂದು, ಅಲ್ಲಿಂದ ತೊಟ್ಟಿಕ್ಕುತ್ತಿತ್ತು. ಕೆಳಗೆ ಗೃಹಪ್ರವೇಶದ ಉಡುಗೊರೆಯ ಸ್ಟೀಲ್ ಡಬರಿ. ಅದರ ಮೇಲೆ ಕೊಟ್ಟವರ ಹೆಸರು ಹೊಳೆಯುತ್ತಿದೆ, ಒಂದು ಸಲವೂ ಒಲೆ ಮೇಲೆ ಇಟ್ಟಿಲ್ಲ. ಮಗುವಿನ ತೊಟ್ಟಿಲನ್ನು ಅಡುಗೆಮನೆಗೆ ಸರಿಸಿದ್ದಾರೆ.

ಕಟ್ಟಿಕೊಟ್ಟ ಕಾಂಟ್ರಾಕ್ಟರ್‌ಗೆ ಆಗಲೇ ಫೋನ್ ಮಾಡಿದ್ದಳಂತೆ. ಅವನ ಉತ್ತರ ಇದು: "ಮಲೆನಾಡಲ್ಲಿ ಆರ್‌ಸಿಸಿ ಅಂದ್ಮೇಲೆ ಸ್ವಲ್ಪ ಸೋರೋದೇ ಮೇಡಂ. ದೀಪಾವಳಿ ಕಳೀಲಿ, ಮೇಲೊಂದು ಶೀಟ್ ಹಾಕ್ಸಿಬಿಡಿ." ಅವಳ ಅತ್ತೆಯೂ ಅದನ್ನೇ ಹೇಳಿದರು. ಎದುರುಮನೆಯವರೂ ಅದನ್ನೇ ಹೇಳಿದರು. ಕೊನೆಗೆ ಅವಳು ನನ್ನನ್ನು ಕೇಳಿದಳು, "ಹೌದಾ ಅಕ್ಕಾ, ಎಲ್ಲರ ಮನೆಯೂ ಹೀಗೇನಾ?"

ಹೌದು ಅನ್ನಲು ನನಗೆ ಬಾಯಿ ಬರಲಿಲ್ಲ. ಏಕೆಂದರೆ ಹತ್ತು ವರ್ಷ ಇದೇ ಮಾತು ನಂಬಿ ನಾನು ಸುಮ್ಮನಿದ್ದವಳು.

ನಮ್ಮ ಮನೆಯ ಕಥೆ ಕೇಳಿ. 2015ರಲ್ಲಿ ಕಟ್ಟಿಸಿದ್ದು. ಎರಡನೇ ಮಳೆಗಾಲಕ್ಕೇ ಸೋರಲು ಶುರುವಾಯಿತು. ಬಿಳಿ ಕೋಟಿಂಗ್ ಬಳಿಸಿದೆವು, ಆಮೇಲೆ ಕಪ್ಪು ಡಾಂಬರು ಹಾಳೆ ಅಂಟಿಸಿದೆವು, ಆಮೇಲೆ ಅದನ್ನು ಕಿತ್ತು ಇನ್ನೊಂದು ಕೆಮಿಕಲ್. ಪ್ರತಿ ಏಪ್ರಿಲ್‌ನಲ್ಲಿ ದುಡ್ಡು ಕೊಡುವುದು, ಪ್ರತಿ ಜುಲೈನಲ್ಲಿ ಬಕೆಟ್ ಇಡುವುದು. ಕೊನೆಗೆ 2020ರಲ್ಲಿ ಎರಡೂವರೆ ಲಕ್ಷ ಕೊಟ್ಟು ತಾರಸಿಯ ಮೇಲೆ ತಗಡಿನ ಶೀಟ್ ಹಾಕಿಸಿದೆವು. ಈಗ ನಮ್ಮ ತಾರಸಿ ಮೇಲೆ ನಿಂತು ನೋಡಿದರೆ ಸುತ್ತಲೂ ನೀಲಿ, ಕೆಂಪು, ಹಸಿರು ಶೀಟುಗಳೇ. ಶೀಟ್ ಇಲ್ಲದ ತಾರಸಿ ಬೆರಳೆಣಿಕೆ. ಸಾಲ ಮಾಡಿ ಒಂದು ಸೂರು ಹಾಕಿಸಿ, ಆ ಸೂರನ್ನು ಕಾಯಲು ಮತ್ತೆ ಸಾಲ ಮಾಡಿ ಇನ್ನೊಂದು ಸೂರು. ಇದು ನಮಗೆ ಎಷ್ಟು ಸಹಜ ಆಗಿಹೋಗಿದೆ ಅಂದರೆ ಮನೆ ಕಟ್ಟುವಾಗಲೇ ಶೀಟಿನ ದುಡ್ಡನ್ನೂ ಎತ್ತಿಡುತ್ತಾರೆ.

ಮಳೆ ಜಾಸ್ತಿ, ಅದಕ್ಕೇ ಸೋರುತ್ತೆ ಅನ್ನುತ್ತಾರಲ್ಲ, ಅವರಿಗೆ ನನ್ನದೊಂದು ಪ್ರಶ್ನೆ. ನಮ್ಮ ಮನೆ ಅಂಗಳದ ಕೆಳಗೆ ಸಂಪ್ ಇದೆ. ಅದೇ ಸಿಮೆಂಟ್, ಅದೇ ಮರಳು, ಅದೇ ಜಲ್ಲಿ, ಅದೇ ಮೇಸ್ತ್ರಿ. ವರ್ಷದ 365 ದಿನವೂ ಅದರಲ್ಲಿ ನೀರು ತುಂಬಿರುತ್ತದೆ, ಹನಿ ಇಳಿಯಲ್ಲ. ಬಡಾವಣೆಯ ಮೂಲೆಯಲ್ಲಿ ಕಂಬದ ಮೇಲೆ ನಿಂತಿರುವ ದೊಡ್ಡ ನೀರಿನ ಟ್ಯಾಂಕೂ ಕಾಂಕ್ರೀಟಿನದೇ. ನೀರು ಹಿಡಿದಿಡಲು ಬರುವ ಕಾಂಕ್ರೀಟಿಗೆ ನೀರು ತಡೆಯಲು ಬರಲ್ಲವಾ? ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7 ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ನಮ್ಮ ಶಿವಮೊಗ್ಗ ಪೇಟೆಯಲ್ಲಿ ಅದರ ಕಾಲು ಭಾಗವೂ ಬರಲ್ಲ. ಆದರೂ ಇಲ್ಲಿಯ ಮೇಸ್ತ್ರಿ ಆಗುಂಬೆಯ ಮಳೆ ತೋರಿಸಿ ತಪ್ಪಿಸಿಕೊಳ್ಳುತ್ತಾನೆ.

ಸೋರುವುದು ಜುಲೈನಲ್ಲಿ ಶುರುವಾಗುವುದಲ್ಲ. ಮೋಲ್ಡ್ ಹಾಕುವ, ಅಂದರೆ ಸೂರಿಗೆ ಕಾಂಕ್ರೀಟ್ ಸುರಿಯುವ ದಿನವೇ ಅದು ಒಳಗೆ ಸೇರಿಕೊಂಡಿರುತ್ತದೆ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ವರ್ಷಗಳೇ ಹಿಡಿದವು. ಗೊತ್ತಿರುವವರನ್ನು ಕೇಳಿ ಕೇಳಿ ತಿಳಿದುಕೊಂಡಿದ್ದು.

ನಮ್ಮ ಮನೆಯ ಮೋಲ್ಡ್ ಹಾಕಿದ್ದು ಏಪ್ರಿಲ್ ತಿಂಗಳ ಒಂದು ಭಾನುವಾರ. ನಾನು ಅಲ್ಲೇ ನಿಂತಿದ್ದೆ. ಮಿಕ್ಸರ್‌ಗೆ ನೀರು ಹಾಕುವ ಹುಡುಗನ ಕೈಯಲ್ಲಿ ಅಳತೆ ಏನೂ ಇರಲಿಲ್ಲ, ಒಂದು ಕೆಂಪು ಬಕೆಟ್ ಇತ್ತು. 50 ಕೆ.ಜಿ.ಯ ಒಂದು ಮೂಟೆ ಸಿಮೆಂಟಿಗೆ ಸುಮಾರು 25 ಲೀಟರ್ ನೀರು ಸಾಕು, ಮರಳು ಹಸಿಯಿದ್ದರೆ ಅದಕ್ಕಿಂತ ಕಡಿಮೆ. ಅವನು ಬಕೆಟ್ ಮೇಲೆ ಬಕೆಟ್ ಸುರಿಯುತ್ತಿದ್ದ. ನೀರು ಜಾಸ್ತಿಯಾದರೆ ಕಾಂಕ್ರೀಟ್ ಗಂಜಿಯ ಹಾಗೆ ಹರಿಯುತ್ತದೆ, ಎಳೆಯುವವರಿಗೆ ಹಗುರ. ಆದರೆ ಸಿಮೆಂಟಿಗೆ ಬೇಡವಾದ ನೀರು ಆಮೇಲೆ ಆರಿ ಹೋಗುತ್ತದೆ. ಅದು ಇದ್ದ ಜಾಗ ಕಣ್ಣಿಗೆ ಕಾಣದ ಸಣ್ಣ ಸಣ್ಣ ತೂತಾಗಿ ಉಳಿಯುತ್ತದೆ. ಮಳೆ ನೀರು ಇಳಿಯುವುದು ಆ ದಾರಿಯಲ್ಲೇ.

ಅರ್ಧ ಮೋಲ್ಡ್ ಆಗಿತ್ತು, ಮಿಕ್ಸರಿನ ಬೆಲ್ಟ್ ಹರಿಯಿತು. ಬೇರೆ ಬೆಲ್ಟ್ ತರುವಷ್ಟರಲ್ಲಿ ಮೂರು ಗಂಟೆ ಕಳೆಯಿತು. ಎಲ್ಲರೂ ಊಟಕ್ಕೆ ಕೂತರು. ಏಪ್ರಿಲ್ ಬಿಸಿಲಿಗೆ ಹಾಕಿದಷ್ಟು ಕಾಂಕ್ರೀಟಿನ ಅಂಚು ಗಟ್ಟಿಯಾಗಿತ್ತು. ಆ ಅಂಚನ್ನು ಕೆರೆದು, ತೊಳೆದು, ಸಿಮೆಂಟ್ ಹಾಲು ಹಾಕಿ ಮುಂದುವರಿಸಬೇಕಿತ್ತು. ಅವರು ಹಾಗೇ ಪಕ್ಕಕ್ಕೆ ಹೊಸದನ್ನು ಸುರಿದು ಕರಣೆ ಎಳೆದರು. ಹಳೆಯದು ಹೊಸದು ಕೂಡಿಕೊಳ್ಳಲೇ ಇಲ್ಲ. ನಮ್ಮ ಹಾಲ್‌ನ ಸೂರಿನಲ್ಲಿ ಈ ಗೋಡೆಯಿಂದ ಆ ಗೋಡೆಯವರೆಗೆ ಒಂದು ಬಿಳಿ ಗೆರೆ ಇದೆ. ಮನೆಗೆ ಬಂದವರೆಲ್ಲ ನೋಡಿದ್ದೀರಿ. ನೀರಿನ ಜೊತೆ ಸಿಮೆಂಟಿನ ಸುಣ್ಣ ಇಳಿದು ಕಟ್ಟಿದ ಗೆರೆ ಅದು. ಬೆಲ್ಟ್ ಹರಿದಾಗ ಕೆಲಸ ಎಲ್ಲಿ ನಿಂತಿತ್ತೋ ಸರಿಯಾಗಿ ಅಲ್ಲೇ ಇದೆ.

ಕಾಂಕ್ರೀಟ್ ಅಲುಗಿಸಿ ಗಾಳಿ ಹೊರಡಿಸುವ ವೈಬ್ರೇಟರ್ ತಂದಿದ್ದರು, ಎರಡು ಕಡೆ ಆಡಿಸಿ ಬದಿಗಿಟ್ಟರು. ಗಾಳಿ ಹೊರಗೆ ಹೋಗದಿದ್ದರೆ ಕಾಂಕ್ರೀಟ್ ಒಳಗೆ ಜೇನುಗೂಡಿನ ಹಾಗೆ ಪೊಳ್ಳು ಉಳಿಯುತ್ತದೆ. ಅದರ ಮೇಲೆ ಪ್ಲಾಸ್ಟರ್ ಬಳಿದರೆ ಯಾರಿಗೂ ಕಾಣಲ್ಲ. ಇನ್ನು ಕರೆಂಟ್ ಪೈಪುಗಳು ಸ್ಲ್ಯಾಬಿನ ಒಳಗೇ ಇರುತ್ತವೆ. ನೀರು ಒಂದು ಕಡೆ ಇಳಿದು ಆ ಪೈಪ್ ಹಿಡಿದು ಎಲ್ಲೋ ಹೋಗಿ ಫ್ಯಾನ್ ಪಾಯಿಂಟಿನಲ್ಲಿ ಹೊರಗೆ ಬರುತ್ತದೆ. ಆ ಹುಡುಗಿಯ ಮನೆಯಲ್ಲಿ ಆಗಿರುವುದೂ ಬಹುಶಃ ಇದೇ. ಹಾಗಾಗಿ ಫ್ಯಾನಿನ ನೇರ ಮೇಲೆ ಕೋಟಿಂಗ್ ಬಳಿದರೆ ಏನೂ ಪ್ರಯೋಜನ ಇಲ್ಲ.

ಇದೊಂದು ಮಾತು ಹೇಳಲೇಬೇಕು. ಇಲ್ಲಿ ನನ್ನ ತಪ್ಪೂ ಇದೆ. ಮೋಲ್ಡ್ ಆದ ಮೇಲೆ ತಾರಸಿಯ ಮೇಲೆ ಗದ್ದೆಯ ಹಾಗೆ ಬದು ಕಟ್ಟಿ ನೀರು ನಿಲ್ಲಿಸಬೇಕು. ಕಾಂಕ್ರೀಟ್ ಕೆಲಸಕ್ಕೆ ಐಎಸ್ 456 ಅಂತ ನಮ್ಮ ದೇಶದ್ದೇ ನಿಯಮ ಇದೆ. ಮಾಮೂಲಿ ಸಿಮೆಂಟಿಗೆ ಕನಿಷ್ಠ 7 ದಿನ, ಹಾರುಬೂದಿ ಬೆರೆಸಿದ ಸಿಮೆಂಟಿಗೆ ಕನಿಷ್ಠ 10 ದಿನ, ಆದರೆ 14 ದಿನ ಮಾಡುವುದು ಒಳ್ಳೆಯದು ಅನ್ನುತ್ತದೆ ಅದು. ನಾವು ಹಾಕಿಸಿದ್ದು ಬೂದಿ ಬೆರೆಸಿದ ಸಿಮೆಂಟೇ. ಆರನೇ ದಿನ ಮೇಸ್ತ್ರಿ "ಸಾಕು ಮೇಡಂ, ಗಟ್ಟಿಯಾಗಿದೆ" ಅಂದ. ನಾನು ಖುಷಿಪಟ್ಟೆ. ಟ್ಯಾಂಕರ್ ನೀರಿನ ದುಡ್ಡು ಉಳಿಯಿತು ಅಂತ. ಆ ಉಳಿತಾಯ ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇನ್ನೂ ಒಂದಿದೆ. ಅಪ್ಪಯ್ಯ ಊರಿಂದ ಬಂದು ತಾರಸಿ ಹತ್ತಿ ನೋಡಿದ್ದರು. ಹೊಸನಗರದ ಕಡೆಯ ನಮ್ಮ ಹಂಚಿನ ಮನೆಯನ್ನು ಪ್ರತಿ ಬೇಸಿಗೆ ತಾವೇ ಹತ್ತಿ ನೋಡಿಕೊಂಡವರು ಅವರು. ಮಂಗ ಕುಣಿದು ಒಡೆದ ಹಂಚು ತೆಗೆಯುವುದು, ಜರುಗಿದ್ದನ್ನು ಸರಿಸುವುದು, ಮೃಗಶಿರ ಮಳೆ ಹಿಡಿಯುವುದರೊಳಗೆ ಎಲ್ಲ ಮುಗಿಸುವುದು. ಹಂಚಿನ ಮನೆ ಸೋರಿದರೆ ತಲೆ ಎತ್ತಿ ನೋಡಿದರೆ ಸಾಕು, ಬೆಳಕು ಎಲ್ಲಿ ಬರುತ್ತದೋ ಅಲ್ಲೇ ತೂತು. ಒಂದು ಹಂಚು ಬದಲಿಸಿದರೆ ಮುಗಿಯಿತು. ಮಂಗಳೂರಲ್ಲಿ ಬಾಸೆಲ್ ಮಿಶನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಆ ಹಂಚಿನ ಕೆಳಗೆ ಎಷ್ಟು ಮಳೆಗಾಲ ಕಳೆದಿದ್ದೇವೆ! ಅಂಥ ಅಪ್ಪಯ್ಯ ನಮ್ಮ ಮಟ್ಟಸ ತಾರಸಿ ನೋಡಿ ಕೇಳಿದ್ದು ಒಂದೇ ಮಾತು: "ಇದಕ್ಕೆ ವಾಟ ಎತ್ಲಾಗೆ ಕೊಟ್ಟಿದ್ದು ಮಗಾ? ನೀರು ಎತ್ಲಾಗೆ ಹೋಗ್ಬೇಕು?" ನಾನು, "ಅಪ್ಪಯ್ಯ, ಇದು ಹಂಚಿನ ಮನೆ ಅಲ್ಲ, ಇಂಜಿನಿಯರ್ ನೋಡಿದಾರೆ, ನೀವು ಸುಮ್ನಿರಿ" ಅಂದೆ. ಮೇಸ್ತ್ರಿಯ ಎದುರೇ ಅಂದೆ. ಅವರು ಸುಮ್ಮನೆ ಕೆಳಗಿಳಿದರು. ಇವತ್ತಿಗೂ ಆ ವಿಷಯ ಎತ್ತಿಲ್ಲ.

ಅವರು ಕೇಳಿದ್ದು ಸರಿಯಾಗಿತ್ತು. ತಾರಸಿಗೆ ನೂರಕ್ಕೆ ಒಂದರಷ್ಟಾದರೂ ಇಳಿಜಾರು ಬೇಕು. 30 ಅಡಿ ಉದ್ದದ ತಾರಸಿಗೆ ಸುಮಾರು ಮೂರೂವರೆ ಇಂಚು. ನಮ್ಮದರಲ್ಲಿ ಒಂದು ಇಂಚೂ ಇಲ್ಲ. ನೀರು ಹೊರಗೆ ಹೋಗುವ ಪೈಪ್ ಇರುವ ಮೂಲೆಯೇ ಎತ್ತರ. ಲೆಕ್ಕ ಹಾಕಿ ನೋಡಿ, 1200 ಚದರಡಿ ತಾರಸಿಯ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 11 ಸಾವಿರ ಲೀಟರ್ ನೀರು. ಪುನರ್ವಸು, ಪುಷ್ಯ ಹಿಡಿದುಕೊಂಡರೆ ನಾಲ್ಕು ದಿನ ಬಿಡಲ್ಲ. ಅಷ್ಟು ನೀರಿಗೆ ಎರಡು ಸಣ್ಣ ಪೈಪ್ ಇಟ್ಟು, ಪ್ಯಾರಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಯನ್ನು ಬಾಯಿ ಬಿಟ್ಟುಕೊಂಡೇ ಇರಲು ಬಿಟ್ಟರೆ ನೀರು ಇನ್ನೆಲ್ಲಿಗೆ ಹೋಗಬೇಕು?

ಮೇಸ್ತ್ರಿಗಳ ಪರ ಮಾತಾಡುವವರೂ ಇದ್ದಾರೆ. ನನ್ನ ತಮ್ಮನೇ ಹೇಳುತ್ತಾನೆ, "ಅಕ್ಕಾ, ನೀವು ಸ್ಕ್ವೇರ್‌ಗೆ ಇಷ್ಟೇ ಅಂತ ಚೌಕಾಸಿ ಮಾಡ್ತೀರಿ, ಆಳು ಸಿಗಲ್ಲ, ಕೂಲಿ ಏರಿದೆ, ಅವರು ಏನು ಮಾಡ್ಬೇಕು?" ಚೌಕಾಸಿ ಮಾಡಿದ್ದು ನಿಜ. ಹಾಗಾದರೆ ಈ ರೇಟಿಗೆ ಆಗಲ್ಲ ಅಂತ ಮುಖಕ್ಕೆ ಹೇಳಲಿ. ಟೈಲ್ಸ್ ಕಡಿಮೆಯದು ಹಾಕುತ್ತೇನೆ ಅನ್ನಲಿ, ಒಪ್ಪಿಕೊಳ್ಳುತ್ತಿದ್ದೆ. ಕಣ್ಣಿಗೆ ಕಾಣುವ ಟೈಲ್ಸ್ ಚೆಂದ ಹಾಕಿ, ಕಾಣದ ಸ್ಲ್ಯಾಬಿನಲ್ಲಿ ಉಳಿಸಿದರೆ ಅದು ಮೋಸ. ಅಳತೆ ನೋಡಿ ನೀರು ಹಾಕಲು ಒಂದು ರೂಪಾಯಿ ಜಾಸ್ತಿ ಬೇಡ. ಗಮನ ಬೇಕು ಅಷ್ಟೇ.

ಶೀಟ್ ಹಾಕಿದರೆ ಬಟ್ಟೆ ಒಣಗುತ್ತೆ, ಅಡಿಕೆ ಹರಡಬಹುದು ಅನ್ನುತ್ತಾರೆ. ಅದಕ್ಕೆ ಬೇಕಾದವರು ಹಾಕಿಸಲಿ. ಆದರೆ ಶೀಟ್ ಹಾಕಿದ ಮೇಲೆ ಒಳಗಿನ ರೋಗ ಯಾರೂ ನೋಡಲ್ಲ. ಆಗಲೇ ನೀರು ಕುಡಿದ ಕಂಬಿ ತುಕ್ಕು ಹಿಡಿದು ಉಬ್ಬುತ್ತದೆ, ಉಬ್ಬಿ ಕೆಳಗಿನ ಕಾಂಕ್ರೀಟನ್ನು ಒಡೆದು ತಳ್ಳುತ್ತದೆ. ಹೋದ ವರ್ಷ ನಮ್ಮ ಸ್ಟೋರ್ ರೂಮಿನಲ್ಲಿ ಅಂಗೈ ಅಗಲದ ಚಕ್ಕೆ ಬಿತ್ತು. ಅಮ್ಮ ಅಲ್ಲೇ ಉಪ್ಪಿನಕಾಯಿ ಭರಣಿ ಇಡಲು ಹೋಗಿದ್ದರು. ಎರಡು ನಿಮಿಷ ಆಚೆ ಈಚೆ ಆಗಿದ್ದರೆ ತಲೆ ಮೇಲೇ ಬೀಳುತ್ತಿತ್ತು.

‘ಮಲೆನಾಡಲ್ಲಿ ಸೋರೋದೇ’ ಅಂದುಬಿಟ್ಟರೆ ತಪ್ಪು ಯಾರದ್ದೂ ಅಲ್ಲ, ಮಳೆಯದ್ದು. ನನಗೆ ಸಿಟ್ಟು ಬರುವುದು ಅದಕ್ಕೇ. ಅಪಾರ್ಟ್‌ಮೆಂಟ್ ತೆಗೆದುಕೊಂಡವರಿಗೆ 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ ಇದೆ. ಕಟ್ಟಡದ ರಚನೆಯಲ್ಲಿ, ಕೆಲಸದಲ್ಲಿ ದೋಷ ಇದ್ದರೆ 5 ವರ್ಷದವರೆಗೆ ಬಿಲ್ಡರ್ ಜವಾಬ್ದಾರ. ತಿಳಿಸಿದ 30 ದಿನದೊಳಗೆ ತನ್ನ ಖರ್ಚಿನಲ್ಲಿ ಸರಿಮಾಡಿಕೊಡಬೇಕು. ನಮ್ಮ ಹಾಗೆ ಸ್ವಂತ ಸೈಟಿನಲ್ಲಿ ಒಂದು ಮನೆ ಕಟ್ಟಿಸಿದವರಿಗೆ ಅದು ಅನ್ವಯಿಸಲ್ಲ. ಆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ಕಟ್ಟಿಕೊಡುವುದೂ ‘ಸೇವೆ’ ಅಂತ ಸ್ಪಷ್ಟವಾಗಿ ಬರೆದಿದೆ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ನನಗಿದು ಗೊತ್ತಾಗುವಷ್ಟರಲ್ಲಿ ನಮ್ಮ ಅವಧಿ ಮುಗಿದಿತ್ತು. ನಮ್ಮ ಹತ್ತಿರ ಕಾಗದವೂ ಇರಲಿಲ್ಲ. ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ಕಂತುಗಳ ಲೆಕ್ಕ, ಅಷ್ಟೇ.

ಈಗ ಕಟ್ಟಿಸುತ್ತಿರುವವರು ದಯವಿಟ್ಟು ಒಂದು ಕೆಲಸ ಮಾಡಿ. ಕರಾರು ಬರೆಸಿಕೊಳ್ಳಿ. ಅದರಲ್ಲಿ ಕೊನೆಯ ಕಂತನ್ನು ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ ಕೊಡುತ್ತೇನೆ ಅಂತ ಇರಲಿ. ಸರ್ಕಾರಿ ಕಾಮಗಾರಿಗಳಲ್ಲಿ ಹೀಗೆ ದುಡ್ಡು ಹಿಡಿದಿಡುವ ಕ್ರಮ ಇದೆ, ಮನೆಗೆ ಯಾಕೆ ಬೇಡ? ಸೂರಿಗೆ ಪ್ಲಾಸ್ಟರ್ ಮಾಡುವ ಮೊದಲು ತಾರಸಿಯಲ್ಲಿ ಎರಡು ದಿನ ನೀರು ನಿಲ್ಲಿಸಿ ಕೆಳಗಿನಿಂದ ನೋಡಿ. ಒದ್ದೆ ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ.

ಆ ಹುಡುಗಿಗೆ ಇನ್ನೂ ಸಮಯ ಇದೆ. ಕೊನೆಯ ಕಂತು ಎಂಬತ್ತು ಸಾವಿರ ಬಾಕಿ ಇದೆಯಂತೆ, ಪುಣ್ಯಕ್ಕೆ ಕೊಟ್ಟಿಲ್ಲ. ಇವತ್ತೇ ದಿನಾಂಕ ಬರುವ ಹಾಗೆ ವಿಡಿಯೋ ಮಾಡಿಸಿದ್ದೇನೆ, ಫ್ಯಾನಿನದು, ತಾರಸಿ ಮೇಲೆ ನಿಂತ ನೀರಿನದು, ಪ್ಯಾರಪೆಟ್ ಮೂಲೆಯದು. ಕಾಂಟ್ರಾಕ್ಟರ್‌ಗೆ ವಾಟ್ಸಾಪ್‌ನಲ್ಲಿ ಬರಹದಲ್ಲೇ ತಿಳಿಸಿದ್ದಾಳೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುತ್ತೇನೆ ಅಂದಿದ್ದಾನೆ. ನಾನೂ ಹೋಗುತ್ತೇನೆ. ಅಪ್ಪಯ್ಯನನ್ನೂ ಕೇಳಿದೆ, "ಒಂದು ತಾರಸಿ ನೋಡ್ಬೇಕು, ಬರ್ತೀರಾ?" ಅಂತ. "ಮೆಟ್ಟಿಲು ಜಾರ್ತದಾ?" ಅಂದರು. ಇಲ್ಲ ಅಂದೆ. ಛತ್ರಿ ಎಲ್ಲಿದೆ ಅಂತ ಈಗಲೇ ಹುಡುಕುತ್ತಿದ್ದಾರೆ.