ಕೆಂಪು ಫ್ರಾಕಿನ ಮಗುವಿನ ಹೆಸರೇನು?

ಇವತ್ತು ಆರಾಧನೆ ಮುಗಿದ ಮೇಲೆ ಚರ್ಚ್ ಹಾಲ್‌ನಲ್ಲಿ ಸ್ಲೈಡ್ ಶೋ ಇತ್ತು. ನಮ್ಮ ಯುವಜನ ಸಂಘದ ಹುಡುಗರು ಹನ್ನೊಂದು ದಿನದ ಸೇವೆಗೆ ಅಂತ ಮಲಾವಿಗೆ ಹೋಗಿ ಬಂದಿದ್ದಾರೆ. ನಾನು ಅಲ್ಲಿ ಎರಡು ವರ್ಷ ಇದ್ದವನಲ್ವಾ, ಮುಂದಿನ ಸಾಲಲ್ಲೇ ಕೂರಿಸಿದರು. ಸಮೋಸ ಚೆನ್ನಾಗಿತ್ತು. ಅದನ್ನು ಮೊದಲೇ ಹೇಳಿಬಿಡ್ತೇನೆ, ಆಮೇಲೆ ಇವನ ಬಾಯಲ್ಲಿ ಒಳ್ಳೇ ಮಾತೇ ಬರೋದಿಲ್ಲ ಅನ್ನೋದು ಬೇಡ.

ಎಂಬತ್ತನಾಲ್ಕು ಸ್ಲೈಡ್. ಮೊದಲನೆಯದರಲ್ಲಿ ದೊಡ್ಡ ಅಕ್ಷರದಲ್ಲಿ 'ಆಫ್ರಿಕಾ'. ಯಾರಾದರೂ ಕಾರ್ಕಳಕ್ಕೆ ಬಂದು ಹೋಗಿ 'ಏಷ್ಯಾ' ಅಂತ ಹಾಕಿದರೆ ನಾವು ಸುಮ್ಮನಿರ್ತೇವಾ? ಇರಲಿ. ಹೋದ ಹದಿನಾಲ್ಕು ಜನರ ಹೆಸರು ಬಂತು, ಟಿಕೆಟಿಗೆ ದುಡ್ಡು ಕೊಟ್ಟವರ ಹೆಸರು ಬಂತು, ಬಣ್ಣದ ಡಬ್ಬ ಕೊಡಿಸಿದವರ ಹೆಸರೂ ಬಂತು. ಮಲಾವಿಯವರು? 'ಅಲ್ಲಿಯ ಮಗು'. 'ಅಲ್ಲಿಯ ತಾಯಿ'. 'ನಮಗೆ ಅಡುಗೆ ಮಾಡಿದ ಅಕ್ಕ'. ಹನ್ನೊಂದು ದಿನ ಆ ಅಕ್ಕನ ಕೈಯ ಊಟ ಉಂಡಿದ್ದಾರೆ ಮಾರಾಯ್ರೆ, ಹೆಸರು ಗೊತ್ತಿಲ್ಲ! ಕೆಂಪು ಫ್ರಾಕಿನ ಒಂದು ಮಗು ಮಾತ್ರ ಏಳು ಸಲ ಬಂತು. ಒಮ್ಮೆ ಇವನ ಹೆಗಲ ಮೇಲೆ, ಒಮ್ಮೆ ಅವಳ ಕಂಕುಳಲ್ಲಿ. ಅದಕ್ಕೂ ಹೆಸರಿಲ್ಲ.

ಅಲ್ಲಿ ಹೆಸರಿಗೇನು ಬರಗಾಲವಾ? ಚಿಸೊಮೊ ಅಂದರೆ ಕೃಪೆ. ಚಿಕೊಂಡಿ ಅಂದರೆ ಪ್ರೀತಿ. ಮದಾಲಿತ್ಸೊ ಅಂದರೆ ಆಶೀರ್ವಾದ. ನಮ್ಮ ಸಭೆಯ ರಿಜಿಸ್ಟರ್ ತೆಗೆದರೆ ಇದೇ ಕೃಪಾ, ಇದೇ ಪ್ರೀತಿ. ಒಂದು ಸಲ ಕೇಳಿದ್ದರೆ ಈ ಹುಡುಗರು ಅಲ್ಲೇ ಕುಣಿದಾಡಿಬಿಡ್ತಿದ್ದರು.

'ಮಕ್ಕಳ ಸುರಕ್ಷತೆಗೋಸ್ಕರ ಹೆಸರು ಹಾಕಲಿಲ್ಲ' ಅಂತ ಒಬ್ಬರು ವಿವರಣೆ ಕೊಟ್ಟರು. ಹೌದಾ? ಮುಖವನ್ನು ಹತ್ತಡಿ ಪರದೆ ಮೇಲೆ ಹಾಕಿ, ಫೇಸ್‌ಬುಕ್‌ಗೂ ಏರಿಸಿ, ಹೆಸರನ್ನು ಮಾತ್ರ ಬಚ್ಚಿಟ್ಟರೆ ಅದು ಎಂಥ ಸುರಕ್ಷತೆ? ಬಚ್ಚಿಡೋದಕ್ಕಾದರೂ ಮೊದಲು ಹೆಸರು ಗೊತ್ತಿರಬೇಕಲ್ಲ. 'ಮನೇಲಿ ಕೂತವರಿಗಿಂತ ಹೋಗಿಬಂದವರು ಮೇಲು' ಅಂತ ಇನ್ನೊಬ್ಬರು. ಒಪ್ಪಿದೆ. ಆದರೆ ನಾನು ಮನೇಲಿ ಕೂತವನಲ್ಲ, ಹಾಗಾಗಿ ನನಗೆ ಬೈಯೋ ಹಕ್ಕಿದೆ.

ಹಕ್ಕಿದೆ ಅಂದೆನಾ? ಇರಿ, ಇದನ್ನೂ ಹೇಳಬೇಕು.

ನಾನು ಹೋದದ್ದು ಹಳ್ಳಿಯ ಒಂದು ಮಿಷನ್ ಆಸ್ಪತ್ರೆಯ ಲ್ಯಾಬಿಗೆ. ಅಲ್ಲಿ ಜನವರಿ-ಫೆಬ್ರವರಿ ಮಳೆಗಾಲ, ಮಳೆಗಾಲ ಅಂದರೆ ಮಲೇರಿಯಾ ಕಾಲ. ಆಗ ಹಳೇ ಮೆಕ್ಕೆಜೋಳ ಮುಗಿದಿರುತ್ತದೆ, ಹೊಸ ಫಸಲು ಏಪ್ರಿಲ್ ಹೊತ್ತಿಗೆ. ಹಸಿವು, ಜ್ವರ ಎರಡೂ ಒಟ್ಟಿಗೇ ಬರೋ ತಿಂಗಳುಗಳು. ಬೆಳಿಗ್ಗೆ ಏಳಕ್ಕೇ ತಾಯಂದಿರು ಬೆನ್ನಿಗೆ ಚಿತೆಂಜೆ ಬಟ್ಟೆಯಲ್ಲಿ ಮಗುವನ್ನು ಕಟ್ಟಿಕೊಂಡು ಬಂದು ಕೂತಿರುತ್ತಿದ್ದರು. ಕರೆಂಟಿಲ್ಲದ ದಿನ ಮೈಕ್ರೋಸ್ಕೋಪನ್ನು ಕಿಟಕಿ ಹತ್ತಿರ ಒಯ್ದು, ಕನ್ನಡಿಗೆ ಬಿಸಿಲು ಹಿಡಿದು ಸ್ಲೈಡ್ ನೋಡ್ತಿದ್ದೆ. ಅವರು ಹೇಳೋ ಹೆಸರಲ್ಲಿ ಲ ಯಾವುದು, ರ ಯಾವುದು ಅಂತ ನನ್ನ ಕಿವಿಗೆ ಗೊತ್ತಾಗ್ತಿರಲಿಲ್ಲ. ಎರಡೆರಡು ಸಲ ಕೇಳೋಕೆ ನಾಚಿಕೆ, ಅದಕ್ಕಿಂತ ಹೆಚ್ಚು ಸೋಮಾರಿತನ. ರಿಜಿಸ್ಟರಲ್ಲಿ 'ಹೆಣ್ಣು, 3' ಅಂತ ಬರೆದು ಮುಂದೆ ಹೋಗ್ತಿದ್ದೆ. ಎರಡು ತಿಂಗಳು ಹಾಗೇ ನಡೆಯಿತು.

ಒಂದು ದಿನ 'ಹೆಣ್ಣು, 3' ಇಬ್ಬರು ಬಂದರು. ಪಾಸಿಟಿವ್ ಚೀಟಿ ಜ್ವರವಿಲ್ಲದ ಮಗುವಿನ ತಾಯಿಯ ಕೈಗೆ ಹೋಯಿತು. ನಿಜವಾಗಿ ಮಲೇರಿಯಾ ಇದ್ದ ಮಗುವನ್ನು ಕಟ್ಟಿಕೊಂಡು ಇನ್ನೊಬ್ಬಳು ಗೇಟು ದಾಟಿಯಾಗಿತ್ತು. ನನ್ನ ಜತೆ ಕೆಲಸ ಮಾಡ್ತಿದ್ದ ಹೆಂಗಸು ಚಪ್ಪಲಿಯನ್ನೂ ಹಾಕದೆ ಕೆಸರಲ್ಲಿ ಓಡಿ ಅವಳನ್ನು ವಾಪಸ್ ಕರೆತಂದಳು. ಜತೆಯ ಆ ಹೆಂಗಸು ನನಗೆ ಬೈಯಲಿಲ್ಲ. ರಿಜಿಸ್ಟರ್ ಮುಚ್ಚಿ, ಕೈ ತೊಳೆದುಕೊಂಡು, 'ಜಿನಾ ಲಾನು ನ್ದಾನಿ?' ಅಂದಳು. ನಿಮ್ಮ ಹೆಸರೇನು ಅಂತ. ಪದಕ್ಕೆ ಪದ ಇಟ್ಟರೆ 'ನಿಮ್ಮ ಹೆಸರು ಯಾರು?' ಚಿಚೆವಾ ಭಾಷೆಯಲ್ಲಿ ಹೆಸರನ್ನು 'ಏನು' ಅಂತ ಕೇಳೋದಿಲ್ಲ, 'ಯಾರು' ಅಂತಲೇ ಕೇಳೋದು.

ಎರಡು ತಿಂಗಳಾಗಿತ್ತು, ಅವಳಿಗೂ ನನ್ನ ಹೆಸರು ಗೊತ್ತಿರಲಿಲ್ಲ. ಊರಿಗೆಲ್ಲ ನಾನು 'ಮ್ವೆನ್ಯೆ', ಇಂಡಿಯಾದವನು, ಅಷ್ಟೆ. ಅಲ್ಲಿ ಪೇಟೆಯ ಅಂಗಡಿಗಳು ಬಹಳಷ್ಟು ಗುಜರಾತಿಗಳದ್ದು, ಹಾಗಾಗಿ ನನ್ನ ಅಂಗಡಿ ಯಾವುದು ಅಂತ ಕೇಳ್ತಿದ್ದರು. ನನಗೆ ಎಷ್ಟು ಉರಿಯುತ್ತಿತ್ತು ಗೊತ್ತಾ! ನಾನು ಮಾತ್ರ 'ಹೆಣ್ಣು, 3' ಅಂತ ಬರೀಬಹುದು. ಮರುದಿನದಿಂದ ಒಬ್ಬೊಬ್ಬ ತಾಯಿಯನ್ನೂ 'ಜಿನಾ ಲಾ ಮ್ವಾನಾ ನ್ದಾನಿ?', ಮಗುವಿನ ಹೆಸರೇನು, ಅಂತ ಕೇಳಿಸಿ, ಹೇಳಿಸಿ, ಬರೆಸಿದಳು. ಸಂಜೆ ಮನೆಗೆ ಕರೆದು ನ್ಸಿಮಾ ಬಡಿಸಿದಳು. ಮೆಕ್ಕೆಜೋಳದ ಬಿಳಿ ಮುದ್ದೆ, ಜತೆಗೆ ಉಸಿಪಾ ಅನ್ನೋ ಸಣ್ಣ ಮೀನು, ಥೇಟ್ ನಮ್ಮ ಒಣ ಬೊಳೆಂಜಿರ್. ಅದೂ ಫೆಬ್ರವರಿಯಲ್ಲಿ. ಯಾರು ಯಾರ ಸೇವೆ ಮಾಡ್ತಿದ್ದರೋ. ಅವಳ ಹೆಸರು ಇಲ್ಲಿ ಬರೆಯೋದಿಲ್ಲ, ಅವಳನ್ನು ಕೇಳಿಲ್ಲ.

ಮನೆಗೆ ಬಂದು ಅಮ್ಮನ ಹತ್ತಿರ ಕಾರಿಕೊಂಡೆ. ಅಮ್ಮ ಫೋನಲ್ಲಿ ಆ ಹಳೇ ಫೋಟೋ ತೆಗೆದರು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು ತೆಗೆದದ್ದು, ಈಗ ಇಂಟರ್ನೆಟ್‌ನಲ್ಲಿ ಸಿಗುತ್ತದೆ. ಅವರ ಹೆಂಚಿನ ಕಾರ್ಖಾನೆಯ ಹೆಂಗಸರು ಸಾಲಾಗಿ ನಿಂತಿದ್ದಾರೆ. ಎಡದಿಂದ ಮೂರನೆಯವಳ ಮೂಗು ನಮ್ಮ ಮುತ್ತಜ್ಜಿಯದ್ದೇ ಅಂತ ಅಮ್ಮನ ಹಟ. ಅಡಿಬರಹದಲ್ಲಿ ಇರೋದು ಕೆಲಸಗಾರರು ಅಂತ ಮಾತ್ರ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಆ ಮಿಷನ್‌ನವರು ತುಳು ಕಲಿತರು, ಕನ್ನಡ ಕಲಿತರು. ಕಿಟ್ಟೆಲರು ನಮ್ಮ ಒಂದೊಂದು ಮಾತನ್ನೂ ಹೆಕ್ಕಿ 1894ರಲ್ಲಿ ನಿಘಂಟು ಮಾಡಿಕೊಟ್ಟರು. ಆ ಮೂರನೆಯವಳ ಹೆಸರನ್ನು ಯಾರೂ ಬರೆದಿಡಲಿಲ್ಲ. ಅಮ್ಮ ಇವತ್ತಿಗೂ ಆ ಮೂಗನ್ನು ದೊಡ್ಡದು ಮಾಡಿ ಮಾಡಿ ನೋಡ್ತಾರೆ.

ಕೊನೇ ಸ್ಲೈಡಲ್ಲಿ ಬೈಬಲ್ ವಚನ ಇತ್ತು, ಈ ಅಲ್ಪರಾದವರಲ್ಲಿ ಒಬ್ಬನಿಗೆ ಮಾಡಿದ್ದೆಲ್ಲ ನನಗೇ ಮಾಡಿದ್ದು ಅನ್ನೋದು. ಕುರುಬ ತನ್ನ ಕುರಿಗಳನ್ನು ಹೆಸರು ಹಿಡಿದು ಕರೀತಾನೆ ಅಂತ ಯೋಹಾನ 10ರಲ್ಲಿ ಇದೆಯಲ್ಲ, ಅದನ್ನು ಯಾರೂ ಹಾಕಲಿಲ್ಲ.

ಹೊರಡೋವಾಗ ಫೋಟೋ ತೆಗೆದ ಹುಡುಗನೇ ಸಿಕ್ಕಿದ. ಕೆಂಪು ಫ್ರಾಕಿನವಳ ಹೆಸರೇನೋ ಅಂದೆ. ಮುಖ ಸಣ್ಣದಾಯಿತು ಪಾಪ. 'ಕೇಳ್ಲಿಲ್ಲ ಅಂಕಲ್. ಆದರೆ ಅಲ್ಲಿಯ ಮೇಷ್ಟ್ರ ವಾಟ್ಸಾಪ್ ನಂಬರ್ ಇದೆ.'

ಫೋಟೋ ಕಳಿಸಿ ಕೇಳು, ಗೊತ್ತಾದರೆ ನನಗೂ ಹೇಳು ಅಂದೆ. ಈಗ ರಾತ್ರಿ ಹತ್ತೂಮುಕ್ಕಾಲು. ಅಲ್ಲಿ ಏಳೂಕಾಲು, ನ್ಸಿಮಾ ಊಟದ ಹೊತ್ತು. ಇನ್ನೂ ಮೆಸೇಜ್ ಬಂದಿಲ್ಲ.