ದೂರು ಕೊಟ್ಟವಳು ಕಕ್ಷಿದಾರಳಾ, ಬರೀ ಸಾಕ್ಷಿಯಾ?

ಇಂಗ್ಲೆಂಡಿನಲ್ಲಿರುವ ನಮ್ಮವರ ಬಾಯಲ್ಲಿ ಒಂದು ಮಾತು ಆಗಾಗ ಬರುತ್ತದೆ: ‘ನಮ್ಮ ದೇಶದಲ್ಲಿ ಇದಕ್ಕೆಲ್ಲ ಕಾನೂನೇ ಇಲ್ಲ, ಇಲ್ಲಿ ನೋಡಿ.’ ವಿಶ್ವವಿದ್ಯಾಲಯದ ಮೇಷ್ಟ್ರುಗಳು ವಿದ್ಯಾರ್ಥಿಗಳಿಗೆ ಕೊಡುವ ಲೈಂಗಿಕ ಕಿರುಕುಳದ ವಿಷಯದಲ್ಲಂತೂ ಈ ಮಾತು ಪೂರ್ತಿ ತಲೆಕೆಳಗು.

ನಮ್ಮಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು ಬಂದಿದ್ದು 1997ರಲ್ಲಿ. ಅದೇ ಕಿರುಕುಳ ತಡೆಯುವ ಪಾಶ್ ಕಾಯ್ದೆ 2013ರದ್ದು. ವಿಶ್ವವಿದ್ಯಾಲಯಗಳಿಗಾಗಿ ಮಾಡಿದ 2015ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆಂತರಿಕ ದೂರು ಸಮಿತಿಯಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಹೊರಗಿನವರೊಬ್ಬರು ಬೇಕು. ವಿದ್ಯಾರ್ಥಿಗಳ ವಿಚಾರವಾದರೆ ಚುನಾಯಿತ ವಿದ್ಯಾರ್ಥಿಗಳು ಮೂವರು ಕೂರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ, ಇವರ್‍ಯಾರೂ ಸದಸ್ಯರಾಗುವಂತಿಲ್ಲ. ಇಂಗ್ಲೆಂಡಿನಲ್ಲಿ ಆಫೀಸ್ ಫಾರ್ ಸ್ಟೂಡೆಂಟ್ಸ್ ಎಂಬ ನಿಯಂತ್ರಣ ಸಂಸ್ಥೆ ಲೈಂಗಿಕ ಕಿರುಕುಳದ ಬಗ್ಗೆಯೇ ಮಾಡಿದ ಕಡ್ಡಾಯ ಷರತ್ತು ಪೂರ್ತಿಯಾಗಿ ಜಾರಿಗೆ ಬಂದಿದ್ದು 2025ರ ಆಗಸ್ಟ್ 1ಕ್ಕೆ. ಮೊನ್ನೆ ಮೊನ್ನೆ ಅನ್ನಿ.

ದೊಡ್ಡ ವ್ಯತ್ಯಾಸ ಇರುವುದು ಬೇರೆ ಕಡೆ. ಇಲ್ಲಿ ಇಂಗ್ಲೆಂಡಿನಲ್ಲಿ ವಿದ್ಯಾರ್ಥಿನಿ ದೂರು ಕೊಟ್ಟಳು ಅಂತಿಟ್ಟುಕೊಳ್ಳಿ. ಅದು ಮೇಷ್ಟ್ರ ಮೇಲಿನ ಶಿಸ್ತು ಕ್ರಮವಾಗಿ ಬದಲಾಗುತ್ತದೆ. ಅಂದರೆ ಮಾಲೀಕ ಮತ್ತು ನೌಕರನ ನಡುವಿನ ವ್ಯವಹಾರ. ದೂರು ಕೊಟ್ಟವಳು ಅದರಲ್ಲಿ ಬರೀ ಸಾಕ್ಷಿ. ಕೊನೆಗೆ ಏನಾಯಿತು ಅಂತ ಕೇಳಿದರೆ ‘ನೌಕರರ ಖಾಸಗಿ ವಿಷಯ, ಹೇಳುವ ಹಾಗಿಲ್ಲ’ ಅನ್ನುವ ಉತ್ತರ ಎಷ್ಟೋ ಜನರಿಗೆ ಸಿಕ್ಕಿದೆ. ಹೊಸ ಷರತ್ತು ಇದನ್ನು ಸ್ವಲ್ಪ ಸರಿಪಡಿಸಬಹುದು, ನೋಡಬೇಕು. ನಮ್ಮ ಕಾಯ್ದೆಯಲ್ಲಿ ಅವಳು ಕಕ್ಷಿದಾರಳು. ಸಮಿತಿಯ ವರದಿ ಇಬ್ಬರಿಗೂ ಸಿಗಬೇಕು, ಅವಳೂ ಮೇಲ್ಮನವಿ ಹಾಕಬಹುದು. ನನ್ನ ಪ್ರಕಾರ ನಮ್ಮ ಕಾನೂನಿನ ಅತಿ ಒಳ್ಳೆಯ ಭಾಗ ಇದೇ. ಇದನ್ನು ಹೇಳಿಕೊಳ್ಳುವವರು ಮಾತ್ರ ಕಡಿಮೆ.

ಹಾಗಂತ ಬೀಗುವ ಹಾಗೂ ಇಲ್ಲ. ದೂರು ಕೊಡಲು ನಮ್ಮಲ್ಲಿ ಮೂರು ತಿಂಗಳ ಗಡುವು. ಸಮಿತಿ ಒಪ್ಪಿದರೆ ಇನ್ನು ಮೂರು ತಿಂಗಳು. ಪಿಎಚ್‌ಡಿ ಮಾಡುವ ಹುಡುಗಿ ಥೀಸಿಸ್ ಕೊಟ್ಟು ವೈವಾ ಮುಗಿಯುವವರೆಗೆ ಗೈಡ್ ವಿರುದ್ಧ ಉಸಿರೆತ್ತುತ್ತಾಳಾ? ಅದಕ್ಕೆ ನಾಲ್ಕೈದು ವರ್ಷ ಬೇಕು. ಈ ಗಡುವಿನ ಕಥೆ 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲೇ ಕಂಡಿತು. ಕಾನೂನು ವಿಶ್ವವಿದ್ಯಾಲಯವೊಂದರ ಕುಲಪತಿಯ ಮೇಲೆ ಅಲ್ಲಿನ ಅಧ್ಯಾಪಕಿ ಕೊಟ್ಟ ದೂರು ತಡವಾಯಿತು ಅಂತ ಬಿದ್ದುಹೋಯಿತು. ಆದರೂ ಆ ತೀರ್ಪು ಕುಲಪತಿಯ ರೆಸ್ಯೂಮೆಯಲ್ಲಿ ಸೇರಿರಬೇಕು ಅಂತ ಕೋರ್ಟು ಹೇಳಿತು. ಅಧ್ಯಾಪಕಿಯ ಪಾಡೇ ಹೀಗಾದರೆ ವಿದ್ಯಾರ್ಥಿನಿಯದ್ದೇನು?

ಇಂಗ್ಲೆಂಡಿನಿಂದ ತೆಗೆದುಕೊಳ್ಳಬೇಕಾದ್ದು ಎರಡಿವೆ. ಒಂದು, ದುಡ್ಡು ಕೊಟ್ಟು ‘ಬಾಯಿ ಬಿಡುವುದಿಲ್ಲ’ ಅಂತ ಸಹಿ ಮಾಡಿಸಿಕೊಳ್ಳುವ ಒಪ್ಪಂದಗಳನ್ನು ಷರತ್ತು ನಿಷೇಧಿಸಿದೆ. (ದುಡ್ಡಿನ ಆಧಾರದ ಮೇಲೆ ರಾಜಿ ಕೂಡದು ಅಂತ ನಮ್ಮ ಕಾಯ್ದೆಯೂ ಹೇಳುತ್ತದೆ, ಅದು ಬೇರೆ ಮಾತು.) ಎರಡನೆಯದು ಹೆಚ್ಚು ಮುಖ್ಯ. ತಾನೇ ಪಾಠ ಮಾಡುವ, ಅಂಕ ಹಾಕುವ ವಿದ್ಯಾರ್ಥಿಯ ಜೊತೆ ಸಂಬಂಧ ಬೆಳೆಸುವುದನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ 2020ರಲ್ಲಿ, ಆಕ್ಸ್‌ಫರ್ಡ್ 2023ರಲ್ಲಿ ನಿಷೇಧಿಸಿದವು. ಈಗ ಎಲ್ಲ ವಿಶ್ವವಿದ್ಯಾಲಯಗಳೂ ಒಂದೋ ಹೀಗೆ ನಿಷೇಧಿಸಬೇಕು, ಇಲ್ಲವೇ ವಿದ್ಯಾರ್ಥಿಗಳ ರಕ್ಷಣೆಗೆ ನಿಜವಾಗಿ ವ್ಯತ್ಯಾಸ ತರುವ ಬೇರೆ ಕ್ರಮ ತೋರಿಸಬೇಕು. ‘ಇಬ್ಬರೂ ವಯಸ್ಕರು, ನಿಮಗೇನ್ರೀ?’ ಅನ್ನುವವರು ಇಲ್ಲೂ ಇದ್ದಾರೆ. ಸರಿ, ಆದರೆ ಒಬ್ಬರ ಕೈಯಲ್ಲಿ ಇನ್ನೊಬ್ಬರ ಡಿಗ್ರಿ ಇರುವಾಗ ‘ಬೇಡ’ ಅನ್ನುವುದು ಅಷ್ಟು ಸುಲಭ ಅಲ್ಲ ಅಲ್ವಾ? ನಮ್ಮಲ್ಲಿ ಇಂಥದ್ದು ಗುಸುಗುಸು ಆಗಿಯೇ ಉಳಿಯುತ್ತದೆ, ಕೊನೆಗೆ ಕೆಟ್ಟ ಹೆಸರು ಹುಡುಗಿಗೆ.

ಇನ್ನು ದೂರು ಕೊಟ್ಟ ಮರುದಿನದ ಪ್ರಶ್ನೆ. ಆರೋಪಿ ಮೇಷ್ಟ್ರು ಅವಳ ಪರೀಕ್ಷೆ, ಕೆಲಸ ಯಾವುದನ್ನೂ ಮೌಲ್ಯಮಾಪನ ಮಾಡದಂತೆ ತಡೆಯಬಹುದು ಅಂತ ಯುಜಿಸಿ ನಿಯಮದಲ್ಲಿದೆ. ಬರೆದದ್ದು ಚೆನ್ನಾಗೇ ಇದೆ. ಆದರೆ ಗೈಡ್ ಬದಲಾವಣೆಯ ಅರ್ಜಿ ನಮ್ಮಲ್ಲಿ ಎಷ್ಟೋ ಕಡೆ ಹೇಗಿರುತ್ತದೆ ಗೊತ್ತಲ್ಲ? ಮೇಲೆ ಹೆಸರು, ರಿಜಿಸ್ಟರ್ ನಂಬರ್. ಆಮೇಲೆ ‘ಕಾರಣ’ ಅಂತ ಒಂದೇ ಒಂದು ಗೆರೆ. ಅದರ ಕೆಳಗೆ ಈಗಿನ ಗೈಡ್ ಒಪ್ಪಿಗೆ, ಅವರ ಸಹಿ. ಯಾರಿಂದ ಬಿಡಿಸಿಕೊಳ್ಳಬೇಕೋ ಅವರದ್ದೇ ಸಹಿ! ಇಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಬೇರೆ ಭಯ. ಸುಧಾರಿಸಿಕೊಳ್ಳಲು ಓದು ನಿಲ್ಲಿಸಿದರೆ ವಿಶ್ವವಿದ್ಯಾಲಯ ಅದನ್ನು ಗೃಹ ಇಲಾಖೆಗೆ ತಿಳಿಸಬೇಕಾಗಬಹುದು, ಆಗ ವೀಸಾಕ್ಕೇ ಕುತ್ತು. ನಮ್ಮ ಊರುಗಳಿಂದ ಇಲ್ಲಿಗೆ ಓದಲು ಬರುವ ಮಕ್ಕಳಿಗೆ ಇದನ್ನು ಮೊದಲೇ ಯಾರೂ ಹೇಳುವುದಿಲ್ಲ.

ಹಾಗಾಗಿ ಪಿಎಚ್‌ಡಿಗೆ ಸೇರುವವರು, ಅಲ್ಲಾಗಲಿ ಇಲ್ಲಾಗಲಿ, ಸೇರುವ ಮೊದಲೇ ಆಫೀಸಿನಲ್ಲಿ ಸುಮ್ನೆ ವಿಚಾರಿಸಿದ ಹಾಗೆ ಕೇಳಿಬಿಡಿ: ಗೈಡ್ ಬದಲಾಯಿಸಬೇಕಾದರೆ ಯಾರ್‍ಯಾರ ಸಹಿ ಬೇಕು? ಹೊಸ ಗೈಡ್ ಸಿಗುವವರೆಗೆ ಫೆಲೋಶಿಪ್ ಬರುತ್ತಾ?