ಚರಂಡಿಗೆ ಬಿಟ್ಟರೆ ಲೆಕ್ಕಕ್ಕಿಲ್ಲವಾ?

ಮಾಂಸ, ಕೋಳಿ ಸಂಸ್ಕರಣಾ ಘಟಕಗಳ ಕೊಳೆನೀರಿಗೆ ಹೊಸ ನಿಯಮ ತರುವ ಪ್ರಸ್ತಾವವನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ 2025ರಲ್ಲಿ ಕೈಬಿಟ್ಟಿದ್ದು ಸರಿ, ಇಲ್ಲದಿದ್ದರೆ ಸಣ್ಣ ಘಟಕಗಳು ಮುಚ್ಚುತ್ತಿದ್ದವು ಎಂದು ಲೇಖನವೊಂದರಲ್ಲಿ ಅದರ ಲೇಖಕರು ಬರೆದಿದ್ದಾರೆ. ನಾನು ಒಪ್ಪಲ್ಲ. 2024ರ ಆ ಪ್ರಸ್ತಾವದಲ್ಲಿ ಇಂತಿಷ್ಟಕ್ಕಿಂತ ಹೆಚ್ಚು ಉತ್ಪಾದಿಸುವವರಿಗೆ ಮಾತ್ರ ಹೊಸ ನಿಯಮ ಎಂಬ ಮಿತಿ ಇಟ್ಟಿದ್ದರು, ತೀರಾ ಸಣ್ಣವರನ್ನು ಹೊರಗಿಡಲೆಂದೇ. ಅದನ್ನು ಯಾಕೆ ಬರೆದಿಲ್ಲ?

ಅಲ್ಲಿ ಈ ಕೊಳೆನೀರಿಗೆ ಈಗಿರುವ ನಿಯಮ ಮೊದಲು ಬಂದಿದ್ದು 1974ರಲ್ಲಿ, ಕೊನೆಯ ಸಲ ತಿದ್ದಿದ್ದು 2004ರಲ್ಲಿ. ಅದೂ ನೇರವಾಗಿ ನದಿ, ಹೊಳೆಗೆ ನೀರು ಬಿಡುವವರಿಗೆ ಮಾತ್ರ, ಅಂದರೆ ಸುಮಾರು 5,000 ಘಟಕಗಳಲ್ಲಿ ಬರೀ 150ರಷ್ಟಕ್ಕೆ. ಬಹುಪಾಲು ಘಟಕಗಳು ಊರಿನ ಒಳಚರಂಡಿಗೆ ಬಿಡುತ್ತವೆ, ಅವಕ್ಕೆ ರಾಷ್ಟ್ರಮಟ್ಟದ ಮಿತಿಯೇ ಇಲ್ಲ.

ಆ ನೀರಲ್ಲಿ ಇರುವುದು ರಕ್ತ, ಕೊಬ್ಬು, ಕರುಳಿನ ಚೂರು, ತೊಳೆಯಲು ಬಳಸಿದ ರಾಸಾಯನಿಕ. ಕೊಬ್ಬು ಪೈಪಿನೊಳಗೆ ಗಟ್ಟಿಯಾಗಿ ಕೂರುತ್ತದೆ. ರಕ್ತದಿಂದ ಸಾರಜನಕ ಜಾಸ್ತಿ ಬರುತ್ತದೆ, ಆದರೆ ಊರಿನ ಶುದ್ಧೀಕರಣ ಘಟಕ ಕಟ್ಟಿರುವುದು ಮುಖ್ಯವಾಗಿ ಮನೆಗಳ ಕೊಳೆನೀರಿಗೆ, ಹಾಗಾಗಿ ಎಷ್ಟೋ ಕಡೆ ಸಾರಜನಕ, ರಂಜಕ ಎರಡೂ ಅರ್ಧಂಬರ್ಧ ಹಾಗೇ ದಾಟಿ ನದಿ ಸೇರುತ್ತವೆ, ಪಾಚಿ ಬೆಳೆಯುತ್ತದೆ, ಅದು ಕೊಳೆಯುವಾಗ ನೀರಿನ ಆಮ್ಲಜನಕ ಕಮ್ಮಿಯಾಗಿ ಮೀನು ಸಾಯುತ್ತವೆ.

ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ. ಗಾಳಿಗುಳ್ಳೆ ಬಿಟ್ಟು ಕೊಬ್ಬನ್ನು ಮೇಲೆ ತೇಲಿಸಿ ತೆಗೆಯುವುದು, ಬ್ಯಾಕ್ಟೀರಿಯಾದಿಂದ ಸಾರಜನಕ ಕಳೆಯುವುದು, ಕಬ್ಬಿಣದ ಲವಣ ಹಾಕಿ ರಂಜಕ ಇಳಿಸುವುದು ಎಲ್ಲ ಹಳೆಯ ವಿದ್ಯೆಗಳೇ. ಖರ್ಚು ಇದೆ, ನಿಜ. ಆದರೆ ಈಗಲೂ ಆ ಖರ್ಚು ಇಲ್ಲವೇನು? ಕಂಪನಿ ಕೊಡದಿದ್ದರೆ ಊರಿನವರು ನೀರಿನ ಬಿಲ್ಲಿನಲ್ಲಿ ಕೊಡುತ್ತಾರೆ, ಅಷ್ಟೇ ಅಲ್ವಾ?